ಇಪ್ಪತ್ತನಾಲ್ಕು ಮುಯ್ಯಿ ಕವರ್, ಒಂದು ಚೌಕಾಬಾರ

ನಮ್ಮ ಮನೆಯಲ್ಲಿ ಒಗಟು ಅಂದರೆ ಅದು ದೊಡ್ಡವಳ ಆಸ್ತಿ. ಎಂಟನೇ ಕ್ಲಾಸು. ಪೇಪರಿನ ಸುಡೊಕು, ಪದಬಂಧ, ಯಾವುದು ಬಂದರೂ ಅವಳ ಕೈಗೇ ಹೋಗುತ್ತದೆ, ಅವಳ ಕೈಯಲ್ಲೇ ಮುಗಿಯುತ್ತದೆ. ಚಿಕ್ಕವನು ಮೂರನೇ ಕ್ಲಾಸು. ಹತ್ತಿರ ಹೋದರೆ "ನೀನು ಸುಮ್ನಿರೋ" ಅನ್ನಿಸಿಕೊಂಡು ವಾಪಸ್ ಬರುತ್ತಾನೆ. ಮಾವ ಟೀವಿ ಮುಂದೆ. ಅತ್ತೆ ಅಡುಗೆಮನೆಯಲ್ಲಿ, ಇಲ್ಲವೇ ಜಪಸರ ಹಿಡಿದು. ಗಂಡ ಲ್ಯಾಪ್‌ಟಾಪಿನೊಳಗೆ.

ಹಾಗಾಗಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ಒಂದು ಒಗಟಿನ ಕ್ಯಾಲೆಂಡರ್ ಮಾಡೋಣ ಅಂತ ಹೊರಟಾಗ ನಾನು ಮೊದಲು ಬರೆದುಕೊಂಡದ್ದು ಒಗಟಲ್ಲ, ಒಂದು ನಿಯಮ. ಯಾವ ಒಗಟನ್ನೂ ಒಬ್ಬರೇ ಕೂತು ಬಿಡಿಸೋಕೆ ಆಗಬಾರದು. ಬೀಗ ಒಬ್ಬರ ಕೈಯಲ್ಲಿದ್ದರೆ ಬೀಗದ ಕೈ ಇನ್ನೊಬ್ಬರ ತಲೆಯಲ್ಲಿರಬೇಕು.

ಅಡ್ವೆಂಟ್ ಕ್ಯಾಲೆಂಡರ್ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆಗೆ ನಾವು ಕ್ರೈಸ್ತರು ಆಗಮನ ಕಾಲ (ಅಡ್ವೆಂಟ್) ಅನ್ನುತ್ತೇವೆ. 19ನೇ ಶತಮಾನದ ಜರ್ಮನಿಯಲ್ಲಿ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೀಟು ಎಳೆದು, ಮಕ್ಕಳ ಕೈಯಿಂದ ದಿನಕ್ಕೊಂದು ಅಳಿಸುತ್ತಿದ್ದರಂತೆ. 20ನೇ ಶತಮಾನದ ಶುರುವಿನಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಅನ್ನುವವರು ಅದನ್ನು ಅಚ್ಚು ಹಾಕಿಸಿ ಮಾರಿದರು. ಆಮೇಲೆ ಪುಟ್ಟ ಪುಟ್ಟ ಬಾಗಿಲು ಬಂತು, ಬಾಗಿಲ ಹಿಂದೆ ಚಾಕೊಲೇಟ್ ಬಂತು. ಆಗಮನ ಕಾಲ ಶುರುವಾಗುವ ದಿನ ವರ್ಷವರ್ಷಕ್ಕೂ ಬದಲಾಗುತ್ತದೆ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಎಂದಾದರೂ ಬರಬಹುದು. ಅಂಗಡಿಯ ಕ್ಯಾಲೆಂಡರ್ ಆ ರಗಳೆಗೆ ಹೋಗುವುದಿಲ್ಲ. ಡಿಸೆಂಬರ್ 1ರಿಂದ 24, ಅಷ್ಟೇ. ನಾನೂ ಹಾಗೇ ಇಟ್ಟುಕೊಂಡೆ.

ನಾವಿರುವುದು ಬೆಂಗಳೂರಿನ ಲಿಂಗರಾಜಪುರದಲ್ಲಿ. ಡಿಸೆಂಬರ್ ಬಂತೆಂದರೆ ನಮ್ಮ ಬೀದಿಯಲ್ಲಿ ಮನೆಮನೆಗೂ ಸ್ಟಾರ್ ನೇತಾಡುತ್ತದೆ. ಚಾಕೊಲೇಟ್ ತುಂಬಿದ ಕ್ಯಾಲೆಂಡರ್ ಈಗ ಮಾಲ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ. ದುಡ್ಡು ಜಾಸ್ತಿ, ಚಾಕೊಲೇಟ್ ಕಡಿಮೆ. ಅದೂ ಅಲ್ಲದೆ ಐದು ಜನಕ್ಕೆ ದಿನಕ್ಕೊಂದು ಚಾಕೊಲೇಟ್ ಅಂದರೆ ಅದು ಜಗಳದ ಕ್ಯಾಲೆಂಡರ್.

ಬಾಗಿಲಿನ ಬದಲು ಏನು ಬಳಸೋದು ಅಂತ ಯೋಚಿಸುತ್ತಿದ್ದಾಗ ಬೆಂಕಿಪೊಟ್ಟಣ ನೆನಪಾಯಿತು. ಆದರೆ ಅದರೊಳಗೆ ದೊಡ್ಡ ಕಾಗದ ಹಿಡಿಸುವುದಿಲ್ಲ. ಕೊನೆಗೆ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ. ಸುಲ್ತಾನ್‌ಪೇಟೆ ಕಡೆ ಮದುವೆ ಕಾರ್ಡಿನ ಅಂಗಡಿಗಳಲ್ಲಿ ಮುಯ್ಯಿ ಕವರ್ ಕಟ್ಟುಗಟ್ಟಲೆ ಸಿಗುತ್ತದೆ. ಕೆಂಪು, ಹಳದಿ, ನವಿಲು, ಗಣಪತಿ, ಎಲ್ಲ ಥರ. ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿರುತ್ತಾರಲ್ಲ, ಅದನ್ನು ನೋಡಿದ ತಕ್ಷಣ ನನಗೆ ಬಾಗಿಲಿನ ಹಿಡಿ ಕಾಣಿಸಿತು. "ಯಾವಾಗಮ್ಮ ಮದುವೆ?" ಅಂತ ಅಂಗಡಿಯವರು ಕೇಳಿದರು. ಮನೆಗೆ ತಂದು ಅಂಟಿಸಿದ ಮೇಲೂ ಬಂದವರೆಲ್ಲ ಅದನ್ನೇ ಕೇಳಿದರು.

ಆ ನಾಣ್ಯಗಳಿಂದಲೇ ಒಂದು ಒಗಟು ಹುಟ್ಟಿತು. ನಮ್ಮ ನಾಣ್ಯದ ಮೇಲೆ ಇಸವಿಯ ಕೆಳಗೆ ಒಂದು ಸಣ್ಣ ಗುರುತಿರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ. ಚುಕ್ಕೆ ಇದ್ದರೆ ನೋಯ್ಡಾ. ನಕ್ಷತ್ರ ಇದ್ದರೆ ಹೈದರಾಬಾದ್. ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದು ದಿನದ ಚೀಟಿಯಲ್ಲಿ "ಹೈದರಾಬಾದಿನಲ್ಲಿ ಹುಟ್ಟಿ ನಮ್ಮ ಗೋಡೆಗೆ ಬಂದದ್ದು ಏನು?" ಅಂತ ಮಾತ್ರ ಬರೆದೆ. ಇದು ಚಿಕ್ಕವನ ಪಾಲು. ಕನ್ನಡಕ ಇಲ್ಲದ ಕಣ್ಣು ನಮ್ಮ ಮನೆಯಲ್ಲಿ ಅವನದೊಂದೇ. ಟಂಕಸಾಲೆ ಗುರುತಿನ ವಿಷಯ ಮಾತ್ರ ಅಕ್ಕ ಹುಡುಕಿಕೊಡಬೇಕು. ಅವಳು ಓದಿ ಹೇಳೋದು, ಇವನು ಭೂತಗನ್ನಡಿ ಹಿಡಿದು ಗೋಡೆಗೆ ಮೂಗು ಒತ್ತಿಕೊಂಡು ಒಂದೊಂದೇ ನಾಣ್ಯ ನೋಡೋದು. "ಸಿಕ್ತು! ಸ್ಟಾರ್!" ಅಂತ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ದಿನಾ ಎಷ್ಟು ಹೊತ್ತು ಸಿಗುತ್ತದೆ ಅನ್ನೋದನ್ನೂ ಮೊದಲೇ ಲೆಕ್ಕ ಹಾಕಬೇಕು. ನಮ್ಮ ಮನೆಯಲ್ಲಿ ಅತ್ತೆಯ ಸೀರಿಯಲ್ ಮುಗಿದು ಊಟಕ್ಕೆ ಕೂರುವ ನಡುವಿನ ಹೊತ್ತು ಅಷ್ಟೇ. ಅದರಲ್ಲೇ ಹೋಮ್‌ವರ್ಕು, ಪರೀಕ್ಷೆ. ಅದಕ್ಕೆ ವಾರದ ದಿನಗಳಿಗೆ ಚಿಕ್ಕ ಒಗಟು, ಭಾನುವಾರಕ್ಕೆ ದೊಡ್ಡದು. ಒಂದು ಭಾನುವಾರ ಪೂಜೆ ಮುಗಿಸಿ ಎಲ್ಲರೂ ಕಬ್ಬನ್ ಪಾರ್ಕಿಗೇ ಹೋಗಬೇಕಾಯಿತು. "ಹೆಸರಲ್ಲಿ ಹದಿನೆಂಟು, ಬಣ್ಣ ಕೆಂಪು, ಎದುರು ಮನೆ ವಿಧಾನಸೌಧ. ಇಲ್ಲಿ ಏನು ಕೇಳಿಕೊಂಡು ಬರ್ತಾರೆ?" ಹಿಂದಿನ ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳಿದ್ದ ಅಠಾರಾ ಕಚೇರಿ ಅದು, ಈಗ ಹೈಕೋರ್ಟು. ಕೇಳಿಕೊಂಡು ಬರುವುದು ನ್ಯಾಯ. ಮಕ್ಕಳು ಐಸ್‌ಕ್ರೀಮ್ ಕೇಳಿದರು, ಅದೂ ಸಿಕ್ಕಿತು.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಕೆಲಸ ಕೊಟ್ಟದ್ದೂ, ಜಾಸ್ತಿ ಖುಷಿ ಕೊಟ್ಟದ್ದೂ ಅದೇ.

ಇಂಟರ್‌ನೆಟ್‌ನಲ್ಲಿ ಪದಬಂಧ ಮಾಡಿಕೊಡುವ, ಅಕ್ಷರ ಕಲಸಿಕೊಡುವ ತಾಣಗಳು ಬೇಕಾದಷ್ಟಿವೆ. ಎಲ್ಲ ಇಂಗ್ಲಿಷಿಗೆ ಮಾಡಿದವು. ನಾನು ನೋಡಿದವಕ್ಕೆ "ಅಕ್ಕಿ" ಅಂತ ಕೊಟ್ಟರೆ ಎರಡು ಮನೆ ಬರುವುದಿಲ್ಲ, ಐದು ಬರುತ್ತದೆ. ಅ, ಕ, ಅರ್ಧಾಕ್ಷರದ ಗುರುತು, ಇನ್ನೊಂದು ಕ, ಆಮೇಲೆ ಗುಡಿಸು. ಕಂಪ್ಯೂಟರಿನ ಒಳಗೆ ಅದು ಹಾಗೇ ಕೂತಿರುತ್ತದೆ. ಕಲಸಿದರೆ ಒತ್ತು ಒಂದು ಕಡೆ, ಗುಡಿಸು ಒಂದು ಕಡೆ, ನಡುವೆ ಚುಕ್ಕೆ ಚುಕ್ಕೆ ಸೊನ್ನೆ. ಅದನ್ನೆಲ್ಲ ಬಿಟ್ಟು ಚಿಕ್ಕವನ ಲೆಕ್ಕದ ಚೌಕಳಿ ನೋಟ್‌ಬುಕ್ ತಗೊಂಡು ಪೆನ್ಸಿಲಿನಲ್ಲೇ ಮಾಡಿದೆ. ಕನ್ನಡ ಒಗಟಿಗೆ ಅದೇ ಸರಿ. ಒಂದು ಮನೆಗೆ ಒಂದು ಅಕ್ಷರ, ಒತ್ತು, ಕಾಗುಣಿತ, ಸೊನ್ನೆ ಎಲ್ಲ ಸೇರಿಸಿ.

ಒಂದನ್ನು ಇಲ್ಲೇ ತೋರಿಸುತ್ತೇನೆ. ನೀವೂ ಬಿಡಿಸಬಹುದು.

ಬೀ · ಲಿ · ಟ್ಟಿ
ಪೆ · ★ · ರು
ಮೇ · ಗೆ · ನ

ಚೀಟಿಯಲ್ಲಿ ಇದರ ಕೆಳಗೆ ಒಂದು ಕುದುರೆ ಚಿತ್ರ, ಅಷ್ಟೇ. ಇದು ಅಪ್ಪನನ್ನು ಲ್ಯಾಪ್‌ಟಾಪಿನಿಂದ ಎಬ್ಬಿಸುವ ಒಗಟು. ಯಾಕೆಂದರೆ ಚದುರಂಗ ಆಡುವವರು ಅವರೊಬ್ಬರೇ. ಕುದುರೆ ನೇರ ಎರಡು ಮನೆ ಹೋಗಿ ಪಕ್ಕಕ್ಕೆ ಒಂದು ಮನೆ ತಿರುಗುತ್ತದೆ. ಮೂರಕ್ಕೆ ಮೂರರ ಚೌಕದಲ್ಲಿ ಸುತ್ತಲಿನ ಎಂಟೂ ಮನೆಯನ್ನು ಒಂದೊಂದೇ ಸಲ ಮೆಟ್ಟಿ ಬರಬಹುದು, ನಡುಮನೆಗೆ ಮಾತ್ರ ಹೋಗೋಕೆ ಆಗೋದೇ ಇಲ್ಲ. ಅದಕ್ಕೇ ಅಲ್ಲಿ ನಕ್ಷತ್ರ ಇಟ್ಟದ್ದು. "ಬೀ"ಯಿಂದ ಹೊರಟರೆ "ರು", ಅಲ್ಲಿಂದ "ಮೇ", ಆಮೇಲೆ "ಲಿ", "ನ". ಬೀರು ಮೇಲಿನ ಪೆಟ್ಟಿಗೆ. ಕುರ್ಚಿ ಹಾಕಿಕೊಂಡು ಹತ್ತಿದರೆ ಆ ದಿನದ ತಿಂಡಿ ಅಲ್ಲಿತ್ತು, ಅತ್ತೆ ಮಾಡಿದ ಕಲ್‌ಕಲ್.

ಕುದುರೆ ನಡೆಗೆ ಅಕ್ಷರ ಕೂಡಿಸೋದು ನನ್ನ ಬುದ್ಧಿಯಲ್ಲ. ಹಿಂದಿನ ಕವಿಗಳ ಚಿತ್ರಬಂಧಗಳಲ್ಲಿ, ಅಂದರೆ ಅಕ್ಷರಗಳನ್ನು ಚಿತ್ರದ ಹಾಗೆ ಜೋಡಿಸಿದ ಪದ್ಯಗಳಲ್ಲಿ, ಅದು ಇದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಚದುರಂಗದ ಕುದುರೆಯನ್ನು 64 ಮನೆಯಲ್ಲೂ ಓಡಾಡಿಸುವ ಹುಚ್ಚಿತ್ತು. ನನ್ನ ಗಂಡ ಇದನ್ನು ಮಕ್ಕಳಿಗೆ ಹೇಳುತ್ತಾ ಕೂತು ಊಟ ತಣ್ಣಗಾಯಿತು. ಅದು ನನಗೆ ಬೇಕಾಗಿದ್ದೇ.

ಮಾವನದು ಬಸ್ಸು. ಅವರು ಬಿಟಿಎಸ್ ಕಾಲದ ಕಂಡಕ್ಟರ್. 1997ರಲ್ಲಿ ಅದು ಬಿಎಂಟಿಸಿ ಆದ ಮೇಲೂ ಅವರ ಬಾಯಲ್ಲಿ ಅದು ಬಿಟಿಎಸ್ಸೇ. ಚೀಟಿಯಲ್ಲಿ ಹೀಗೆ ಬರೆದೆ: "ಸಿಲ್ಕ್ ಬೋರ್ಡಿನಿಂದ ರಿಂಗ್ ರೋಡ್ ಹಿಡಿದು ಹೆಬ್ಬಾಳಕ್ಕೆ ಹೋಗೋ ಡಿ ಬಸ್ಸಿನಿಂದ, ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗೋ ಇ ಬಸ್ಸನ್ನು ಕಳೆಯಿರಿ. ಆ ಪುಟ ತೆಗೆಯಿರಿ." ದೊಡ್ಡವಳು ಫೋನ್ ತಗೊಳ್ಳೋಕೆ ಹೋದಳು. ಒಗಟಿನ ಹೊತ್ತಿನಲ್ಲಿ ಫೋನ್ ಬೇಕೆಂದರೆ ಮನೆಯವರೆಲ್ಲ ಒಪ್ಪಬೇಕು ಅಂತ ಮೊದಲೇ ಮಾತಾಗಿತ್ತು. ಮಾವ ಒಪ್ಪಲಿಲ್ಲ. "ನನ್ನ ಕೇಳು," ಅಂದರು, ಟೀವಿ ಸದ್ದು ಕಡಿಮೆ ಮಾಡಿ. ರೂಟ್ ನಂಬರ್ 500-ಡಿ, 335-ಇ. ಕಳೆದರೆ 165. ಅದು ಸಿಕ್ಕ ಮೇಲೂ ಮಾತು ನಿಲ್ಲಲಿಲ್ಲ. ಯಾವ ರೂಟಿನಲ್ಲಿ ಎಲ್ಲಿ ಇಳಿಜಾರು, ಎಲ್ಲಿ ಚಿಲ್ಲರೆಗೆ ಜಗಳ, ಡಬಲ್ ಡೆಕ್ಕರಿನ ಮೇಲಿನ ಮಹಡಿಯಲ್ಲಿ ಟಿಕೆಟ್ ಹರಿಯೋದು ಹೇಗೆ. ಚಿಕ್ಕವನು ಆ ರಾತ್ರಿ ಟಿಕೆಟ್ ಹರಿಯುವ ಆಟ ಆಡಿದ. 165ನೇ ಪುಟ ಯಾವ ಪುಸ್ತಕದ್ದು ಅನ್ನೋದು ಎಲ್ಲರಿಗೂ ಮರೆತೇಹೋಗಿತ್ತು.

ಅದು ಕಪಾಟಿನಲ್ಲಿದ್ದ ಕಿಟೆಲ್ ನಿಘಂಟಿನ ಮರುಮುದ್ರಣ. ಮನೆಯಲ್ಲಿ ಅಷ್ಟು ಪುಟ ಇರುವ ಬೇರೆ ಪುಸ್ತಕ ಇಲ್ಲ. ಜರ್ಮನಿಯಿಂದ ಬಂದ ಪಾದ್ರಿ ಕನ್ನಡ ಕಲಿತು ಮಾಡಿದ ನಿಘಂಟು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಅದೇ ಜರ್ಮನಿಯ ಕ್ಯಾಲೆಂಡರಿನ ಚೀಟಿ ಅದರೊಳಗೇ ಇರಲಿ ಅಂತ ಸಿಕ್ಕಿಸಿದ್ದೆ. ಇದನ್ನು ಯಾರೂ ಗಮನಿಸಲಿಲ್ಲ, ನಾನೊಬ್ಬಳೇ ನಕ್ಕೆ.

ಅತ್ತೆಯ ತವರು ಕನಕಪುರದ ಕಡೆ, ಹಾರೋಬೆಲೆ. ಅವರಿಗೆ ಒಗಟು ಅಂದರೆ ಓದಿದವರ ಕೆಲಸ. "ನಂಗೇನು ಬರುತ್ತಮ್ಮ ಇದೆಲ್ಲ, ನೀವು ಮಾಡ್ಕೊಳಿ" ಅಂತ ದೂರವೇ ಇದ್ದರು. ಅವರನ್ನು ಎಳೆದು ತಂದದ್ದು ಅರಿಶಿನ.

ಕವರ್ ಒಳಗೆ ಒಂದು ಬಿಳಿ ಡ್ರಾಯಿಂಗ್ ಹಾಳೆ, ಏನೂ ಬರೆದಿಲ್ಲ. ಜೊತೆಗೆ ಒಂದು ಸಾಲು: "ಮದುವೆ ಮನೆಯ ತಟ್ಟೆಯಲ್ಲಿ ಹಳದಿ ನೀರು ಕೆಂಪಾಗೋದು ಹೇಗೆ?" ದೊಡ್ಡವಳು ಹಾಳೆಯನ್ನು ದೀಪಕ್ಕೆ ಹಿಡಿದಳು, ಮೂಸಿದಳು, ನಿಂಬೆರಸ ಇರಬೇಕು ಅಂತ ಇಸ್ತ್ರಿಪೆಟ್ಟಿಗೆ ಕಾಯಿಸೋಕೆ ಹೊರಟಳು. ಅಡುಗೆಮನೆಯಿಂದಲೇ ಅತ್ತೆ ಹೇಳಿದರು: "ಅರಿಶಿನಕ್ಕೆ ಸುಣ್ಣ ಹಾಕ್ತಾರೆ ಕಣೇ. ಅಷ್ಟೂ ಗೊತ್ತಿಲ್ವಾ?"

ಮನೆಯಲ್ಲಿ ಸುಣ್ಣ ಇರಲಿಲ್ಲ, ನಾನು ಬರೆದದ್ದೂ ಸುಣ್ಣದಲ್ಲಿ ಅಲ್ಲ. ಅಡುಗೆ ಸೋಡಾ ಒಂದು ಚಮಚ, ಮುಳುಗುವಷ್ಟು ನೀರು, ಸಣ್ಣ ಕುಂಚ. ಸುಣ್ಣವೂ ಸೋಡಾವೂ ಕ್ಷಾರ. ಅರಿಶಿನದ ಹಳದಿ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಹಾಳೆ ದಪ್ಪ ಇರಬೇಕು, ತೆಳು ಕಾಗದವಾದರೆ ಒದ್ದೆಯಾದ ಕಡೆ ಸುಕ್ಕಾಗಿ ಗುಟ್ಟು ರಟ್ಟಾಗುತ್ತದೆ. ಅರಿಶಿನವನ್ನು ಬರೀ ನೀರಿನ ಬದಲು ಒಂದಿಷ್ಟು ಸ್ಯಾನಿಟೈಸರಿನಲ್ಲಿ ಕಲಸಿದರೆ ಬಣ್ಣ ಚೆನ್ನಾಗಿ ಬಿಡುತ್ತದೆ. ಅತ್ತೆ ಬಟ್ಟಲಲ್ಲಿ ಅರಿಶಿನ ಕಲಸಿ, ಹತ್ತಿ ಅದ್ದಿ, ಹಾಳೆಯ ಮೇಲೆ ಎಡದಿಂದ ಬಲಕ್ಕೆ ಒಂದು ಸಲ ಎಳೆದರು. ಹಾಳೆ ಹಳದಿಯಾಯಿತು. ನಡುವೆ ಮೊದಲು "ಆ" ಎದ್ದು ಬಂತು, ಇಟ್ಟಿಗೆ ಬಣ್ಣದಲ್ಲಿ. ಆಮೇಲೆ "ರ". ಮೂರನೆಯದು ಬರುವಷ್ಟರಲ್ಲಿ ಚಿಕ್ಕವನು "ಆರತಿ!" ಅಂತ ಓದಿಬಿಟ್ಟ. ಕನ್ನಡ ಓದು ಅಂದರೆ ಓಡಿಹೋಗುವವನು. ಅತ್ತೆ ಬೆರಳು ತೊಳೆಯೋಕೆ ಸೋಪು ಹಾಕಿದರೆ ಬೆರಳೂ ಕೆಂಪಾಯಿತು. ಅದನ್ನು ಮಕ್ಕಳು ತಾವೂ ಮಾಡಿ ನೋಡಿದರು. ಮಾರನೇ ದಿನ ಇಬ್ಬರೂ ಹಳದಿ ಕೈಯಲ್ಲೇ ಸ್ಕೂಲಿಗೆ ಹೋದರು.

ಇನ್ನೊಂದು ಒಗಟು ಮನೆಯಿಂದ ಹೊರಗೇ ಕಳಿಸಿತು. ಮೇಲಿನ ಮನೆಯಲ್ಲಿ ಸಂಗೀತದ ಟೀಚರ್ ಇದ್ದಾರೆ. ಸಂಜೆಯಾದರೆ ಸರಳೆ, ಜಂಟಿವರಸೆ ಕೆಳಗೆ ಇಳಿದು ಬರುತ್ತದೆ. ಅವರಿಗೆ ಮೊದಲೇ ಹೇಳಿಟ್ಟಿದ್ದೆ, "ಮಕ್ಕಳು ಬಂದು ಕೇಳಿದ್ರೆ ಮಾತ್ರ ಹೇಳಿ ಆಂಟಿ, ನೀವಾಗಿ ಹೇಳ್ಬೇಡಿ" ಅಂತ. ಆ ದಿನದ ಕವರಿನಲ್ಲಿ ಇದ್ದದ್ದು ಪರಿಷೆಯಿಂದ ತಂದ ಮೂರು ಕಡಲೆಕಾಯಿ, ಒಂದು ಚೀಟಿ: "ಕಾಯಿ ತೆಗೆದು ಉಳಿದದ್ದನ್ನು ಬರೆಯಿರಿ. ಅದು ಎಷ್ಟು ಅಂತ ಮಾಯಾಮಾಳವಗೌಳ ಕಲಿಸುವವರನ್ನು ಕೇಳಿ." ಪಕ್ಕದಲ್ಲಿ ಮೂರಂಕಿಯ ನಂಬರ್ ಲಾಕ್ ಹಾಕಿದ ಒಂದು ಹಳೇ ಬಿಸ್ಕೆಟ್ ಡಬ್ಬ.

ಕಾಯಿ ತೆಗೆದರೆ ಕಡಲೆ. ಆದರೆ ಕಡಲೆ ಎಷ್ಟು? ಚಿಕ್ಕವನಿಗೆ ಕಾಯುವ ತಾಳ್ಮೆ ಇರಲಿಲ್ಲ. ಡಬ್ಬ ಮಡಿಲಲ್ಲಿ ಇಟ್ಟುಕೊಂಡು 000, 001, 002 ಅಂತ ತಿರುಗಿಸೋಕೆ ಶುರು ಮಾಡಿದ. ಮೂರಂಕಿಯ ಲಾಕ್ ಅಂದರೆ ಒಟ್ಟು 1000 ಸಾಧ್ಯತೆ. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಪೂರ್ತಿ ಮುಗಿಯೋಕೆ ಅರ್ಧ ಗಂಟೆ ಚಿಲ್ಲರೆ ಸಾಕು. ಹಾಗೆ ತೆಗೆದರೆ ತೆಗೆಯಲಿ ಅಂತ ನಾನು ತಡೆಯಲಿಲ್ಲ, ಅದೂ ಒಂದು ವಿದ್ಯೆಯೇ. ಅವನು ಇನ್ನೂರರ ಹತ್ತಿರ ಬರುವ ಹೊತ್ತಿಗೆ ಅಕ್ಕ ಮೇಲಿನ ಮನೆಯಿಂದ ಓಡಿಬಂದಳು.

ಟೀಚರ್ ಹೇಳಿಕೊಟ್ಟದ್ದು ಕಟಪಯಾದಿ, ಅಕ್ಷರಗಳನ್ನು ಅಂಕಿ ಮಾಡುವ ಲೆಕ್ಕ. ಕ, ಟ, ಪ, ಯ ನಾಲ್ಕಕ್ಕೂ ಒಂದು. ಅಲ್ಲಿಂದ ವರ್ಣಮಾಲೆಯಲ್ಲಿ ಮುಂದಕ್ಕೆ ಎಣಿಸುತ್ತಾ ಹೋಗೋದು. ಖ ಎರಡು, ಗ ಮೂರು. ಟ ಒಂದು, ಠ ಎರಡು, ಡ ಮೂರು. ಯ ಒಂದು, ರ ಎರಡು, ಲ ಮೂರು. ಕಾಗುಣಿತ ಲೆಕ್ಕಕ್ಕಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಅಂಕಾನಾಂ ವಾಮತೋ ಗತಿಃ. ಮಾಯಾಮಾಳವಗೌಳದ "ಮಾ" ಐದು, "ಯಾ" ಒಂದು, ತಿರುಗಿಸಿದರೆ 15. ಅದು ಹದಿನೈದನೇ ಮೇಳಕರ್ತ, ಅಂದರೆ ಮೂಲ ರಾಗ. ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ನಂಬರ್ ಇದೆ ಅಂತ ತಿಳಿದದ್ದೇ ದೊಡ್ಡವಳು ಮೆಟ್ಟಿಲ ಮೇಲೇ ಕೂತು ಧೀರಶಂಕರಾಭರಣ 29, ಮೇಚಕಲ್ಯಾಣಿ 65 ಅಂತ ಲೆಕ್ಕ ಹಾಕಿಕೊಂಡು ಬಂದಿದ್ದಳು. ಕಡಲೆ ಅಂದರೆ ಒಂದು, ಮೂರು, ಮೂರು. ತಿರುಗಿಸಿದರೆ 331. ಡಬ್ಬ ತೆರೆದುಕೊಂಡಿತು. ಒಳಗೆ ಬಳೆ, ಒಂದು ಪೊಟ್ಟಣ ಬೆಲ್ಲದ ಚಿಕ್ಕಿ. ಚಿಕ್ಕಿಯಲ್ಲಿ ಅರ್ಧ ಮೇಲಿನ ಮನೆಗೆ ಹೋಯಿತು.

ಒಂದು ಬುದ್ಧಿಮಾತು, ಬೇಕಾದರೆ ತಗೊಳ್ಳಿ. ಸಿಹಿಯನ್ನು ಕವರ್ ಒಳಗೆ ಇಡಬೇಡಿ. ಬೆಂಗಳೂರಿನ ಇರುವೆಗಳಿಗೆ ಡಿಸೆಂಬರ್ ಒಂದನೇ ತಾರೀಖಿನವರೆಗೂ ಕಾಯುವ ಅಭ್ಯಾಸ ಇಲ್ಲ. ಮುಚ್ಚಳ ಬಿಗಿ ಇರುವ ಡಬ್ಬದಲ್ಲಿಟ್ಟು, ಅದನ್ನು ಎಲ್ಲಿಟ್ಟಿದೆ ಅನ್ನೋದನ್ನೇ ಒಗಟು ಮಾಡಿ.

ಇನ್ನು ಇವೆಲ್ಲ ಎಲ್ಲಿ ಸೇರುತ್ತವೆ ಅನ್ನೋದು. ದಿನಕ್ಕೊಂದು ಒಗಟು ಬಿಡಿಸಿ ಮರೆತುಬಿಟ್ಟರೆ ಅದು 24 ಬಿಡಿ ಒಗಟು ಅಷ್ಟೇ, ಕ್ಯಾಲೆಂಡರ್ ಅಲ್ಲ. ಪ್ರತಿ ಉತ್ತರದಿಂದ ಒಂದು ಅಕ್ಷರ ತೆಗೆದು, 24ಕ್ಕೆ ಒಂದು ವಾಕ್ಯ ಆಗಬೇಕು. ಇಂಗ್ಲಿಷಿನವರು ಉತ್ತರಗಳ ಮೊದಲ ಅಕ್ಷರ ಸೇರಿಸುತ್ತಾರೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ. ಳ, ಣ ಇಂದ ಶುರುವಾಗುವ ಪದ ಎಲ್ಲಿಂದ ತರೋದು? "ಲ್ಲ"ದಿಂದ? "ಜ್ಜಿ"ಯಿಂದ? ಅದಕ್ಕೆ ಪ್ರತಿ ಚೀಟಿಯ ಮೂಲೆಯಲ್ಲಿ ಒಂದೋ ಎರಡೋ ಮೂರೋ ಚುಕ್ಕೆ ಇಟ್ಟೆ. ಎಷ್ಟು ಚುಕ್ಕೆಯೋ ಉತ್ತರದ ಅಷ್ಟನೇ ಅಕ್ಷರ. "ಬಜ್ಜಿ" ಬಂದರೆ "ಜ್ಜಿ" ಸಿಕ್ಕಿತು. "ಬೆಲ್ಲ" ಬಂದರೆ "ಲ್ಲ". ಬಳೆಯಿಂದ "ಳೆ", ನ್ಯಾಯದಿಂದ "ಯ", ಪೆಟ್ಟಿಗೆಯಿಂದ "ಟ್ಟಿ". ಸತಾಯಿಸಿದ್ದು "ಟ್ರಂ". ಅದಕ್ಕೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಮೇಲೆ ಹಾರುವ ದೇವದೂತನ ಕೈಗೆ ಒಂದು ಟ್ರಂಪೆಟ್ ಕೊಟ್ಟೆ.

ಜೋಡಿಸುವ ಬಗೆ ಹೊಳೆದದ್ದು ಚೌಕಳಿ ಹಾಳೆಯ ಮೇಲೆ ಗೀಚುತ್ತಾ ಕೂತಾಗ. ಐದಕ್ಕೆ ಐದು, 25 ಮನೆ. ನಡುವಿನದು ಬಿಟ್ಟರೆ 24. ನಡುವೆ ಕ್ರಿಸ್‌ಮಸ್. ಇಷ್ಟಾದ ಮೇಲೆ ಅದು ಕಾಣದೇ ಇರುತ್ತದಾ? ಅದು ಚೌಕಾಬಾರ! ಹೊರಗಿನ ಸುತ್ತಿನಲ್ಲಿ 16 ಮನೆ, ಒಳಗಿನ ಸುತ್ತಿನಲ್ಲಿ 8, ಆಮೇಲೆ ನಡುಮನೆ. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತನ್ನು ಗಡಿಯಾರಕ್ಕೆ ಉಲ್ಟಾ ಸುತ್ತುತ್ತದೆ, ಒಳಸುತ್ತಿಗೆ ಬಂದ ಮೇಲೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಕೊನೆಗೆ ನಡುವೆ ಹೋಗಿ ಹಣ್ಣಾಗುತ್ತದೆ. ನನ್ನ ವಾಕ್ಯವನ್ನು ಆ ದಾರಿಯಲ್ಲೇ ಹರಡಿದೆ. ದೊಡ್ಡ ಕಾರ್ಡ್‌ಬೋರ್ಡಿನ ಮೇಲೆ ಮನೆ ಎಳೆದು, ನಾಲ್ಕು ಬದಿಯ ನಡುವಿನ ಮನೆಗಳಿಗೆ ಕಟ್ಟೆಯ ಅಡ್ಡಗೀಟು ಹಾಕಿ, ಅದರ ಮೇಲೆ ಕವರ್ ಅಂಟಿಸಿದೆ. ತಾರೀಖುಗಳನ್ನು ಬೇಕೆಂತಲೇ ಚೆಲ್ಲಾಪಿಲ್ಲಿ ಹಾಕಿದೆ. ಕವರ್ ತೆಗೆದ ಜಾಗದಲ್ಲಿ ಆ ದಿನದ ಅಕ್ಷರ ಬರೆಯಬೇಕು, ಅಷ್ಟೇ ನಾನು ಹೇಳಿದ್ದು.

ತಿಂಗಳ ಅರ್ಧದ ಹೊತ್ತಿಗೆ ಮಕ್ಕಳು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಎಲ್ಲ ಓದಿ ನೋಡಿದ್ದರು. ಏನೂ ಅರ್ಥವಾಗಿರಲಿಲ್ಲ. ಎರಡನೇ ಅಡ್ಡಗೀಟು ಕವರಿನ ಹಿಂದಿನಿಂದ ಹೊರಗೆ ಬಂದ ದಿನ ಅತ್ತೆ ಜಪ ಮುಗಿಸಿ ಹಾದುಹೋಗುತ್ತಿದ್ದವರು ನಿಂತರು. ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದರು.

"ಇದು ಕಟ್ಟೆಮನೆ ಅಲ್ವಾ?"

"ಏನು ಅಜ್ಜಿ ಹಂಗಂದ್ರೆ?"

ನಿಂತಲ್ಲೇ ಬೆರಳಲ್ಲಿ ದಾರಿ ತೋರಿಸಿದರು. ಕೆಳಗಿನ ಕಟ್ಟೆಯಿಂದ ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಕೆಳಕ್ಕೆ, ಆಮೇಲೆ ಒಳಕ್ಕೆ. ದೊಡ್ಡವಳು ಹಿಂದೆಯೇ ಬರೆದುಕೊಂಡಳು. ಖಾಲಿ ಮನೆಗೆ ಗೀಟು, ತುಂಬಿದ ಮನೆಗೆ ಅಕ್ಷರ. "ಅಜ್ಜಿ" ಅಂತ ಶುರುವಲ್ಲೇ ಬಂದಿತ್ತು. ಚಿಕ್ಕವನು "ಅಜ್ಜಿ, ನಿನ್ ಹೆಸ್ರು!" ಅಂದ. ಅವತ್ತಿನಿಂದ ಅತ್ತೆ ದೂರ ನಿಂತದ್ದೇ ಇಲ್ಲ. ಸೀರಿಯಲ್ ಮುಗಿಯುವ ಮುಂಚೆಯೇ "ಇವತ್ತಿಂದು ತೆಗೀರೋ" ಅನ್ನುವಷ್ಟಾಯಿತು.

ಹಾಗೆ ದಾರಿ ಸಿಕ್ಕ ಮೇಲೆ ಪೂರ್ತಿ ವಾಕ್ಯ 24ರವರೆಗೆ ಗುಟ್ಟಾಗಿ ಉಳಿಯುವ ಮಾತೇ ಇಲ್ಲ. "ಟ್ರಂಕಿ" ಅಂತ ಬಂದ ಮೇಲೆ ಮುಂದಿನದನ್ನು ಯಾರು ಬೇಕಾದರೂ ಊಹಿಸುತ್ತಾರೆ. ಕೆಲವರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಅದು ತಪ್ಪು ಅನ್ನಿಸೋದಿಲ್ಲ. ಗೊತ್ತಿದ್ದೂ ಕಾಯೋದೇ ಅಲ್ವಾ ಈ ಕಾಲದ ಕೆಲಸ. ಬೀಗದ ಕೈ ಎಲ್ಲಿದೆ ಅನ್ನೋದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಕಾಯಿ ಕೊನೆಗೆ ಹೋಗುವ ಜಾಗ ಯಾವುದೋ ಅಲ್ಲೇ, ನಡುಮನೆಯ ನಕ್ಷತ್ರದ ಹಿಂದೆ ಟೇಪ್ ಹಾಕಿ ಅಂಟಿಸಿದ್ದೆ.

24ರ ಸಂಜೆ ಕೊನೇ ಕವರ್ ತೆಗೆದು ಅಕ್ಷರ ಬರೆದರು. ಅಜ್ಜಿಯ ಹಳೆಯ ಟ್ರಂಕಿನ ಬೀಗ ತೆಗೆದು ಎಲ್ಲರೂ ಒಟ್ಟಿಗೆ ಕೂತು ಆಡಿ. ಮಂಚದ ಕೆಳಗಿಂದ ಟ್ರಂಕು ಎಳೆದರು. ಕೀಲಿಕೈ ಸಿಗದೆ ಸ್ವಲ್ಪ ಹೊತ್ತು ಗಲಾಟೆಯಾಯಿತು. ಸಿಕ್ಕ ಮೇಲೆ ಒಳಗಿಂದ ಅತ್ತೆಯ ತಾಯಿ ಬಟ್ಟೆಯ ಮೇಲೆ ದಾರದಲ್ಲಿ ಹೊಲಿದ ಚೌಕಾಬಾರದ ಹಾಸು, ನಾಲ್ಕು ಕವಡೆ, ಕಾಯಿಗಳಿಗೆ ಹುಣಸೆಬೀಜ, ಬಳೆಚೂರು. ಹಾಸನ್ನು ಅಲ್ಲಿಡೋಕೆ ನಾನು ಅತ್ತೆಯನ್ನೇ ಕೇಳಬಹುದಿತ್ತು. ಕೇಳದೆ, ಅದು ಬಹಳ ವರ್ಷದಿಂದ ಅಲ್ಲೇ ಇದೆ ಅಂತ ಮಾವನಿಂದ ತಿಳಿದುಕೊಂಡು ಬೀಗ ಮಾತ್ರ ಹಾಕಿದ್ದೆ. "ಇದು ಇನ್ನೂ ಇದ್ಯಾ!" ಅಂದರು ಅತ್ತೆ.

ಆಟದ ಲೆಕ್ಕ ಅವರೇ ಹೇಳಿಕೊಟ್ಟರು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಉಂಟು. ಕಟ್ಟೆಯಲ್ಲಿ ಕೂತ ಕಾಯಿಯನ್ನು ಹೊಡೆಯುವ ಹಾಗಿಲ್ಲ. ಇನ್ನೊಬ್ಬರ ಕಾಯಿ ಒಂದನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗೂ ಇಲ್ಲ.

ಈ ಕೊನೇ ನಿಯಮದಲ್ಲಿ ಚಿಕ್ಕವನು ಸಿಕ್ಕಿಕೊಂಡ. ಅಜ್ಜಿಯ ಕಾಯಿ ಕೈಗೆ ಸಿಕ್ಕರೂ ಹೊಡೆಯೋಕೆ ಮನಸ್ಸಿಲ್ಲ, ಅಕ್ಕನ ಕಾಯಿ ಸಿಗುತ್ತಿಲ್ಲ. ಹೊರಗೇ ಸುತ್ತುತ್ತಿದ್ದ. ಅಜ್ಜಿಗೆ ಆ ಥರದ ದಾಕ್ಷಿಣ್ಯ ಏನೂ ಇರಲಿಲ್ಲ. ಬಾರ ಹಾಕಿ ಮೊಮ್ಮಗನ ಕಾಯಿಯನ್ನೇ ಹೊಡೆದು ಒಳಗೆ ಹೋದರು, ಮಾವನದನ್ನೂ ಹೊಡೆದರು. ಚರ್ಚಿನ ಮಧ್ಯರಾತ್ರಿಯ ಬಲಿಪೂಜೆಗೆ ಹೊರಡೋ ಹೊತ್ತಾಯಿತು ಅಂತ ನಾನು ಸ್ವೆಟರ್ ಹಿಡಿದು ನಿಂತರೆ, ಅವರು ಕವಡೆ ಅಲ್ಲಾಡಿಸುತ್ತಾ "ತಡಿಯಮ್ಮ, ಇದೊಂದು ಹಣ್ಣಾಗ್ಲಿ" ಅಂದರು.